ಕಣ್ಣಿನ ಪ್ರೆಶರ್ ಜಾಸ್ತಿ ಇದ್ರೆ ಪೊರೆ ಬೇಗ ಬರತ್ತಾ? ಗ್ಲಾಕೋಮಾ ಬಗ್ಗೆ ಗೊತ್ತಿರೋರು ಸ್ವಲ್ಪ ಹೇಳಿ

ಅರ್ಧಚಂದ್ರ:
ಅಮ್ಮಂಗೆ 63. ಓದೋ ಕನ್ನಡಕದ ನಂಬರ್ ಚೆಕ್ ಮಾಡ್ಸೋಕೆ ಅಂತ ಕರ್ಕೊಂಡು ಹೋದ್ರೆ ಎರಡೂ ಕಣ್ಣಲ್ಲಿ ಪ್ರೆಶರ್ ಜಾಸ್ತಿ ಇದೆ ಅಂದ್ರು, ಬಲಗಣ್ಣು 27 ಎಡಗಣ್ಣು 25. ಜೊತೆಗೆ ಎರಡರಲ್ಲೂ ಪೊರೆ ಶುರುವಾಗಿದೆ, ಇನ್ನೂ ಬಲಿತಿಲ್ಲ ಅಂತಾನೂ ಹೇಳಿದ್ರು. ನರ ನೋಡೋಕೆ ಚೆನ್ನಾಗೇ ಇದೆ, ಇನ್ನೊಂದಷ್ಟು ಟೆಸ್ಟ್ ಆಗ್ಬೇಕು ಅಂತ ಮತ್ತೆ ಬರೋಕೆ ಹೇಳಿದಾರೆ. ಮನೇಲಿ ಈಗ ಎರಡು ಪಾರ್ಟಿ ಆಗೋಗಿದೆ. ದೊಡ್ಡಪ್ಪ ಹೇಳೋದು ಪ್ರೆಶರ್ ಏರಿದ್ದಕ್ಕೇ ಪೊರೆ ಬಂದಿರೋದು, ಡ್ರಾಪ್ಸ್ ಹಾಕಿ ಪ್ರೆಶರ್ ಇಳಿಸಿದ್ರೆ ಪೊರೆ ಅಲ್ಲಿಗೇ ನಿಲ್ಲತ್ತೆ ಅಂತ. ಚಿಕ್ಕಮ್ಮ ಇದಕ್ಕೆ ಪೂರ್ತಿ ಉಲ್ಟಾ, ಪೊರೆ ತೆಗೆಸಿಬಿಡಿ ಪ್ರೆಶರ್ ತಾನಾಗೇ ಇಳಿಯತ್ತೆ, ಜೀವನಪೂರ್ತಿ ಡ್ರಾಪ್ಸ್ ಯಾರು ಹಾಕ್ಕೋತಾರೆ ಅಂತ. ಅಮ್ಮ ಇಬ್ಬರ ಮಾತೂ ಕೇಳಿ ಕೇಳಿ ತಲೆಕೆಟ್ಟು ನನಗೇನೂ ಆಗಿಲ್ಲ ಬಿಡ್ರೋ ಅಂತ ಕೂತಿದಾರೆ. ಎರಡಕ್ಕೂ ನಿಜವಾಗ್ಲೂ ಸಂಬಂಧ ಇದೆಯಾ?

ಹನಿಲೆಕ್ಕ:
ನಾನು ಗ್ಲಾಕೋಮಾ ಪೇಷೆಂಟ್, ಎಷ್ಟೋ ವರ್ಷದಿಂದ ಡ್ರಾಪ್ಸ್ ಮೇಲೇ ಇದೀನಿ, ಒಂದು ಕಣ್ಣಿಗೆ ಪೊರೆ ಆಪರೇಷನ್ನೂ ಆಗಿದೆ. ನಿಮ್ಮ ದೊಡ್ಡಪ್ಪ ಹೇಳಿದ್ದು ಆಗಲ್ಲ, ಚಿಕ್ಕಮ್ಮ ಹೇಳಿದ್ದು ಕೆಲವರಿಗೆ ಆಗತ್ತೆ.

ಪೊರೆ ಬರೋದು ಲೆನ್ಸ್ ಒಳಗೆ. ವಯಸ್ಸಾಗ್ತಾ ಲೆನ್ಸಿನ ಪ್ರೊಟೀನ್ ಕೆಟ್ಟು ಮಂಜಾಗತ್ತೆ, ಶುಗರ್, ಸಿಗರೇಟು, ಬಿಸಿಲಿನ ಯುವಿ, ಸ್ಟಿರಾಯ್ಡ್, ಏಟು, ಇವೆಲ್ಲ ಅದನ್ನ ಬೇಗ ಮಾಡ್ತವೆ. ಗ್ಲಾಕೋಮಾದಲ್ಲಿ ಹಾಳಾಗೋದು ಕಣ್ಣಿನ ಹಿಂದಿರೋ ನರ. ಲೆನ್ಸ್ ಕೆಟ್ರೆ ತೆಗೆದು ಬೇರೆ ಹಾಕ್ತಾರೆ, ನರ ಹೋದ್ರೆ ಹೋಯ್ತು, ಹೋದ ದೃಷ್ಟಿ ವಾಪಸ್ ತರೋಕೆ ಯಾವ ಆಪರೇಷನ್ನೂ ಇಲ್ಲ. ಇದೊಂದನ್ನ ಮನೆಯವರಿಗೆಲ್ಲ ಕೂರಿಸಿ ಹೇಳಿ, ಮಿಕ್ಕಿದ್ದೆಲ್ಲ ಆಮೇಲೆ.

ಪ್ರೆಶರ್ ಯಾಕೆ ಏರತ್ತೆ ಅಂದ್ರೆ, ಕಣ್ಣೊಳಗೆ ಒಂದು ತಿಳಿನೀರು ಸದಾ ತಯಾರಾಗ್ತಾ ಇರತ್ತೆ, ನಿಮಿಷಕ್ಕೆ ಹತ್ತಿರಹತ್ತಿರ 2 ಮೈಕ್ರೋಲೀಟರ್, ಪಾಪೆ ಹಿಂದೆ ಹುಟ್ಟಿ ಪಾಪೆ ತೂತಿನಿಂದ ಮುಂದೆ ಬಂದು ಕಾರ್ನಿಯಾ (ಕಣ್ಣಿನ ಮುಂದಿರೋ ಪಾರದರ್ಶಕ ಪರದೆ) ಮತ್ತೆ ಬಣ್ಣದ ಭಾಗ ಸೇರೋ ಮೂಲೇಲಿ ಇರೋ ಜಾಲರಿ ಮೂಲಕ ಹೊರಗೆ ಹೋಗತ್ತೆ. ಬಚ್ಚಲಿನ ಜಾಲರಿ ಕಟ್ಕೊಂಡಂಗೆ ಅದು ಕಟ್ಕೊಂಡ್ರೆ ಪ್ರೆಶರ್ ಏರ್ತು ಅಂತ. ಇದಕ್ಕೂ ಬಿಪಿಗೂ ಗಂಟು ಹಾಕ್ಬೇಡಿ, ಬಿಪಿ ಮಾತ್ರೆ ತಗೋತಿದೀನಲ್ಲ ಕಣ್ಣಿಂದೂ ಇಳಿಯತ್ತೆ ಅಂತ ಎಷ್ಟು ಜನ ಅಂದ್ಕೊಂಡಿದಾರೋ. ಈ ಥರ ನಿಧಾನವಾಗಿ ಏರೋ ಪ್ರೆಶರ್ ಹೋಗಿ ಲೆನ್ಸನ್ನ ಮಂಜು ಮಾಡಲ್ಲ. ವಯಸ್ಸು ಒಂದೇ ಆದ್ದರಿಂದ ಎರಡೂ ಒಟ್ಟಿಗೆ ಕಾಣಿಸ್ಕೊಳ್ತವೆ ಅಷ್ಟೇ.

ಸೀಳುದೀಪ:
ನಾನು ಆಪ್ಟೊಮೆಟ್ರಿಸ್ಟ್. ಮೇಲೆ ಹೇಳಿರೋದು ಸರಿ ಇದೆ, ಎರಡು ವಿಷಯ ಸೇರಿಸ್ತೀನಿ.

27, 25 ಅಂತ ಯಾವುದರಲ್ಲಿ ನೋಡಿದ್ರು? ಗಾಳಿ ಊದೋ ಮಷೀನಲ್ಲಾ? ಅದು ಸ್ಕ್ರೀನಿಂಗ್‌ಗೆ ಓಕೆ, ಹೆದರಿ ಕಣ್ಣು ಗಟ್ಟಿ ಮುಚ್ಚಿದ್ರೂ ಜಾಸ್ತಿ ತೋರ್ಸತ್ತೆ. ಮರಗಟ್ಟೋ ಡ್ರಾಪ್ಸ್ ಹಾಕಿ, ಹಳದಿ ಬಣ್ಣ ಹಚ್ಚಿ, ನೀಲಿ ಲೈಟಲ್ಲಿ ಕಾರ್ನಿಯಾ ಮುಟ್ಟಿ ನೋಡೋ ಗೋಲ್ಡ್‌ಮನ್ ರೀಡಿಂಗ್ ಇಲ್ಲದೆ ಏನೂ ತೀರ್ಮಾನ ಮಾಡ್ಬೇಡಿ. ಹಾಗೇ ಕಾರ್ನಿಯಾ ಎಷ್ಟು ದಪ್ಪ ಅಂತ ಅಳೆಯೋಕೆ ಕೇಳಿ. ದಪ್ಪ ಇದ್ರೆ ನಂಬರ್ ಇರೋದಕ್ಕಿಂತ ಜಾಸ್ತಿ ತೋರ್ಸತ್ತೆ, ತೆಳು ಇದ್ರೆ ಕಮ್ಮಿ ತೋರ್ಸಿ ಮೋಸ ಮಾಡತ್ತೆ.

ನಾರ್ಮಲ್ ಅಂತ ಹೇಳೋದು 10ರಿಂದ 21 ಎಂಎಂ (ಪಾದರಸದ ಲೆಕ್ಕ). ಆದ್ರೆ 21 ಅನ್ನೋದೇನು ಗೋಡೆ ಅಲ್ಲ. 17, 18 ಇದ್ದೂ ನರ ಸವೆಯೋರಿದಾರೆ, 26 ಇದ್ದೂ ವರ್ಷಗಟ್ಟಲೆ ಏನೂ ಆಗದವರಿದಾರೆ. ನರ ಚೆನ್ನಾಗಿದ್ದು ಪ್ರೆಶರ್ ಮಾತ್ರ ಜಾಸ್ತಿ ಇದ್ರೆ ಅದಕ್ಕೆ ಆಕ್ಯುಲರ್ ಹೈಪರ್‌ಟೆನ್ಷನ್ ಅಂತಾರೆ, ಅದನ್ನ ಗ್ಲಾಕೋಮಾ ಅನ್ನಲ್ಲ. ಇಂಥವರ ಮೇಲೇ ಅಮೆರಿಕದಲ್ಲಿ ಒಂದು ದೊಡ್ಡ ಸ್ಟಡಿ ಆಯ್ತು, 1,636 ಜನ, ಪ್ರೆಶರ್ 24ರಿಂದ 32, ರಿಸಲ್ಟ್ ಬಂದಿದ್ದು 2002ರಲ್ಲಿ. 5 ವರ್ಷದಲ್ಲಿ ಡ್ರಾಪ್ಸ್ ಹಾಕದವರಲ್ಲಿ 9.5% ಜನಕ್ಕೆ ಗ್ಲಾಕೋಮಾ ಆಯ್ತು, ಹಾಕಿದವರಲ್ಲಿ 4.4%. ಅಂದ್ರೆ ಡ್ರಾಪ್ಸ್ ಅರ್ಧಕ್ಕಿಂತ ಕಮ್ಮಿ ಮಾಡ್ತು, ನಿಜ, ಆದ್ರೆ ಹಾಕದವರಲ್ಲೂ 90 ಜನಕ್ಕೆ ಅಷ್ಟು ಹೊತ್ತಿಗೆ ಏನೂ ಆಗಿರಲಿಲ್ಲ ನೂರಕ್ಕೆ. ಹಾಗಾಗಿ ಗಾಬರಿ ಬೇಡ, ಫಾಲೋಅಪ್ ಬಿಡಬೇಡಿ.

ಇನ್ನೊಂದು ಮುಖ್ಯವಾದ್ದು ಗೋನಿಯೋಸ್ಕೋಪಿ. ಕಣ್ಣಿಗೆ ಕನ್ನಡಿ ಇರೋ ಲೆನ್ಸ್ ಇಟ್ಟು ಆ ಮೂಲೆ ತೆರೆದಿದೆಯಾ ಮುಚ್ಕೊಂಡಿದೆಯಾ ಅಂತ ನೋಡೋದು. ನಿಮ್ಮ ಚಿಕ್ಕಮ್ಮನ ಮಾತು ಅಮ್ಮಂಗೆ ಎಷ್ಟು ಅನ್ವಯ ಆಗತ್ತೆ ಅನ್ನೋದು ಬಹುಪಾಲು ಇದರ ಮೇಲೇ ನಿಂತಿದೆ.

ಗಾಳಿಗುಡ್ಡ:
ನಮ್ಮ ಕಾಕಾರದು ಹೇಳ್ತೀನಿ ಕೇಳ್ರಿ. ಅವರಿಗೆ ಕಣ್ಣು ಮಬ್ಬಾಗಾಕ ಹತ್ತಿತ್ತು, ವಯಸ್ಸಾತು ಪರಿ ಬಂದಿರ್ತೈತಿ, ಪೂರ್ತಿ ಬಲೀಲಿ ಆಮ್ಯಾಲ ತಗಸೂಣು ಅಂತ ತಾವ ಡಿಸೈಡ್ ಮಾಡಿ ಕುಂತ್ರು. ಯಾರೂ ಪ್ರೆಶರ್ ನೋಡಸ್ಲಿಲ್ಲ. ಕಡೀಕ ಆಪರೇಷನ್‌ಗೆ ಹೋದಾಗ ಡಾಕ್ಟರು ನೋಡಿ ಪರಿ ಐತಿ ಖರೆ, ಆದ್ರ ಹಿಂದ ನರ ಭಾಳ ಹೋಗೇತಿ ಅಂದ್ರು. ಆಪರೇಷನ್ ಛಲೋನ ಆತು. ಎದುರಿನ ಚಾರ್ಟ್ ಕಡೀ ಸಾಲಿನ ತನಕ ಓದಿದ್ರು, ಮನ್ಯಾಗ ಎಲ್ಲರೂ ಖುಷಿ. ಮನೀಗೆ ಬಂದು ನೋಡಿದ್ರ ಬಾಗಿಲ ಚೌಕಟ್ಟಿಗೆ ದಿನಾ ಎಡಗಡೆ ಭುಜ ಬಡೀತಿದ್ರು. ಬಾಜೂಕ ಕುಂತು ಮಾತಾಡ್ಸಿದ್ರ ಬೆಚ್ಚಿಬೀಳೋರು, ಯಾಕಂದ್ರ ಬಾಜೂಕ ಯಾರರ ಅದಾರ ಅನ್ನೂದ ಕಾಣ್ತಿದ್ದಿಲ್ಲ. ಪರಿ ತಗದ ಮ್ಯಾಲ ನಡುವಿಂದು ಚೊಕ್ಕ ಕಾಣತಿತ್ತು, ಸುತ್ತಲಿಂದು ಇಲ್ಲ.

ಹಿಂಗಾಗಿ ಮಬ್ಬು ಅಂದ್ರ ಪರಿ ಅಂತ ಮನ್ಯಾಗ ಕುಂತು ತೀರ್ಪು ಕೊಡೂದು ಮೊದ್ಲು ಬಿಡ್ರಿ.

ಹನಿಲೆಕ್ಕ:
@ಗಾಳಿಗುಡ್ಡ ಇದನ್ನೇ ನಾನು ಎಲ್ಲರಿಗೂ ಬಡ್ಕೊಳ್ಳೋದು. ಗ್ಲಾಕೋಮಾ ಇರೋರಿಗೆ ಮಬ್ಬು ಕಾಣಲ್ಲ ಮೊದಮೊದಲು, ಕಾಣದೇ ಇರೋ ಜಾಗ ಇದೆ ಅಂತಾನೇ ಗೊತ್ತಾಗಲ್ಲ, ಒಂದು ಕಣ್ಣು ಬಿಟ್ಟಿದ್ದನ್ನ ಇನ್ನೊಂದು ಕಣ್ಣು ತುಂಬತ್ತೆ, ಮೆದುಳು ಬೇರೆ ಸುತ್ತಮುತ್ತಲಿಂದ ತಂದು ತೇಪೆ ಹಾಕ್ಬಿಡತ್ತೆ. ಪೊರೆ ಆದ್ರೆ ಎದುರು ಬರೋ ಗಾಡಿ ಲೈಟ್ ಚೆದುರೋದು, ಬಣ್ಣ ಮಾಸಿದಂಗೆ ಹಳದಿ ಹಳದಿ ಕಾಣೋದು, ನಂಬರ್ ಪದೇ ಪದೇ ಬದಲಾಗೋದು ಹೀಗೆ ತಾನೇ ಹೇಳ್ಕೊಂಡು ಬರತ್ತೆ. ಜನ ಹೆದರೋದು ಪೊರೆಗೆ, ಹೆದರಬೇಕಾಗಿರೋದು ಇನ್ನೊಂದಕ್ಕೆ.

ವಾದಪ್ರಿಯ:
ಎಲ್ಲಾ ಓಕೆ, ಆದ್ರೆ ಡ್ರಾಪ್ಸ್‌ನಿಂದಾನೇ ಪೊರೆ ಬರತ್ತೆ ಅಂತ ನಾನು ಓದಿದೀನಿ, ಅದನ್ನ ಯಾರೂ ಯಾಕೆ ಹೇಳ್ತಿಲ್ಲ? ಪ್ರೆಶರ್ ಇಳಿಸೋಕೆ ಹೋಗಿ ಪೊರೆ ತಂದ್ಕೊಳೋದು ಯಾವ ನ್ಯಾಯ. ಡಾಕ್ಟರ್‌ಗಳು ಇದನ್ನೆಲ್ಲ ಪೇಷೆಂಟ್‌ಗೆ ಬಾಯಿಬಿಡಲ್ಲ.

ಸೀಳುದೀಪ:
@ವಾದಪ್ರಿಯ ನೀವು ಓದಿರೋದು ಗಾಳಿಮಾತಲ್ಲ, ಆದ್ರೆ ಎಷ್ಟು ಅನ್ನೋದು ಮುಖ್ಯ. ನಾನು ಮೇಲೆ ಹೇಳಿದ ಅದೇ ಸ್ಟಡೀಲಿ ಆಮೇಲೆ ಲೆಕ್ಕ ಹಾಕಿದಾಗ ಪೊರೆ ಆಪರೇಷನ್ ಮಾಡಿಸ್ಕೊಂಡವರು ಡ್ರಾಪ್ಸ್ ಗುಂಪಲ್ಲಿ 7.6%, ಡ್ರಾಪ್ಸ್ ಇಲ್ಲದ ಗುಂಪಲ್ಲಿ 5.6%. ವ್ಯತ್ಯಾಸ ಇದೆ, ಸಣ್ಣದು. ಸ್ವೀಡನ್ನಲ್ಲಿ ನಡೆದ ಇನ್ನೊಂದು ಸ್ಟಡೀಲೂ ಟ್ರೀಟ್‌ಮೆಂಟ್ ತಗೊಂಡವರ ಲೆನ್ಸ್ ನಡುಭಾಗ ಸ್ವಲ್ಪ ಹೆಚ್ಚು ಮಂಜಾಗಿದ್ದು ಕಂಡಿತ್ತು, ಅದೇ ಸ್ಟಡೀಲಿ ಪ್ರೆಶರ್ 1 ಎಂಎಂ ಇಳಿದ್ರೆ ಗ್ಲಾಕೋಮಾ ಮುಂದುವರಿಯೋ ರಿಸ್ಕ್ ಸುಮಾರು 10% ಕಮ್ಮಿ ಆಗತ್ತೆ ಅಂತಾನೂ ಕಂಡಿತ್ತು, ಅದನ್ನ ಬಿಟ್ಟು ಇದನ್ನಷ್ಟೇ ಹೇಳಿದ್ರೆ ಹೆಂಗೆ.

ಹಳೇ ಕಾಲದಲ್ಲಿ ಪಾಪೆ ಚಿಕ್ಕದು ಮಾಡೋ ಕೆಲವು ಸ್ಟ್ರಾಂಗ್ ಡ್ರಾಪ್ಸ್ ಇದ್ವು, ಅದರಿಂದ ಪೊರೆ ಬರ್ತಿದ್ದು ಹೌದು. ಈಗ ಅವನ್ನ ಹೆಚ್ಚುಕಮ್ಮಿ ಯಾರೂ ಬರೆಯಲ್ಲ. ಡ್ರಾಪ್ಸ್‌ಗಿಂತ ಪೊರೆಗೆ ದೊಡ್ಡ ಕಾರಣ ಗ್ಲಾಕೋಮಾ ಆಪರೇಷನ್. ಟ್ರಾಬೆಕ್ಯುಲೆಕ್ಟಮಿ ಅಂತ ಕಣ್ಣಿನ ಬಿಳಿ ಭಾಗದಲ್ಲಿ ನೀರಿಗೆ ಹೊಸ ದಾರಿ ಮಾಡ್ತಾರಲ್ಲ, ಅದಾದ ಮೇಲೆ ಪೊರೆ ರಿಸ್ಕ್ 78% ಏರತ್ತೆ ಅಂತ 2001ರಲ್ಲಿ ಒಂದು ದೊಡ್ಡ ಅಮೆರಿಕನ್ ಸ್ಟಡಿ ಹೇಳ್ತು. ಇದನ್ನ ಆಪರೇಷನ್‌ಗೆ ಮುಂಚೆ ಹೇಳ್ತಾರೆ, ಹೇಳಲೇಬೇಕು. ಆದ್ರೂ ಮಾಡಿಸ್ಕೋತಾರೆ, ಯಾಕೆ ಅಂದ್ರೆ ಪೊರೆಗೆ ದಾರಿ ಇದೆ.

ವಾದಪ್ರಿಯ:
ಸರಿ ಸರ್, ನಂಬರ್ ಸಮೇತ ಹೇಳಿದ್ರಿ, ಒಪ್ಕೊಂಡೆ. ಆದ್ರೂ ಡ್ರಾಪ್ಸ್ ಹಾಕಿದ ಮೇಲೆ ಕಣ್ಣು ಕೆಂಪಗಾಗಿ ಉರಿಯೋದಂತೂ ಸುಳ್ಳಲ್ಲ.

ಹನಿಲೆಕ್ಕ:
ಅದು ಬಹಳ ಸಲ ಬಾಟಲಲ್ಲಿರೋ ಪ್ರಿಸರ್ವೇಟಿವ್ ಕಾಟ. ಪ್ರಿಸರ್ವೇಟಿವ್ ಇಲ್ಲದ್ದೂ ಸಿಗತ್ತೆ, ಕೇಳಿ ನೋಡಿ. ಟಿಮೋಲಾಲ್ ಅನ್ನೋ ಪ್ರೆಶರ್ ಡ್ರಾಪ್ಸ್ ಬರ್ದಿದ್ರೆ ಆಸ್ತಮಾ ಇದ್ರೆ, ನಾಡಿ ನಿಧಾನ ಇದ್ರೆ ಮೊದಲೇ ಡಾಕ್ಟರ್‌ಗೆ ಹೇಳಿ, ಅದು ಮೂಗಿನ ದಾರೀಲಿ ಇಳಿದು ಮೈಗೆಲ್ಲ ಸೇರತ್ತೆ. ಡ್ರಾಪ್ಸೇ ಬೇಡ ಅನ್ನೋರಿಗೆ ಎಸ್‌ಎಲ್‌ಟಿ ಲೇಸರ್ ಇದೆ, ಆ ಜಾಲರಿಗೆ ಲೇಸರ್ ಹೊಡೆದು ನೀರು ಸರಾಗ ಹೋಗೋ ಹಂಗೆ ಮಾಡೋದು, 2019ರಲ್ಲಿ ಬಂದ ಬ್ರಿಟನ್ ಸ್ಟಡೀಲಿ ಮೊದಲೇ ಲೇಸರ್ ಮಾಡಿಸ್ಕೊಂಡವರಲ್ಲಿ ಮುಕ್ಕಾಲು ಪಾಲು ಜನಕ್ಕೆ 3 ವರ್ಷದವರೆಗೂ ಡ್ರಾಪ್ಸ್ ಬೇಕಾಗಲಿಲ್ಲ. ಮೂಲೆ ತೆರೆದಿರೋರಿಗೆ ಮಾತ್ರ ಇದು.

ನೀಲಿಕನ್ನಡಕ:
ಸ್ಟಿರಾಯ್ಡ್ ವಿಷಯ ಮೇಲೆ ಒಂದೇ ಪದದಲ್ಲಿ ಹೋಯ್ತು, ಅದು ಇನ್ನೂ ಜಾಸ್ತಿ ಹೇಳ್ಬೇಕಾದ್ದು ಅನ್ಸತ್ತೆ. ಪ್ರೆಶರ್ರೂ ಏರ್ಸಿ ಪೊರೆನೂ ತರೋ ಔಷಧಿ ಅದು. ನನಗೆ ಅಲರ್ಜಿ, ಕಣ್ಣು ಸದಾ ಕಡಿಯೋದು. ಒಬ್ರು ಬರೆದುಕೊಟ್ಟ ಡ್ರಾಪ್ಸ್ ಹಾಕಿದ್ರೆ ಒಂದೇ ದಿನಕ್ಕೆ ಹಾಯ್ ಅನ್ನಿಸೋದು, ಖಾಲಿ ಆದಾಗೆಲ್ಲ ಅದೇ ಬಾಟಲ್ ತೋರ್ಸಿ ಅಂಗಡೀಲಿ ತರೋದು, ಚೀಟಿ ಯಾರೂ ಕೇಳ್ತಿರಲಿಲ್ಲ. ಎಷ್ಟು ದಿನ ಹಾಕ್ಬೇಕು, ಯಾವಾಗ ನಿಲ್ಲಿಸ್ಬೇಕು, ಒಬ್ಬರಾದ್ರೂ ಹೇಳ್ಬೇಕಲ್ವಾ? ಪ್ರೆಶರ್ 34 ಹೋಗಿತ್ತು ಚೆಕ್ ಮಾಡಿಸಿದಾಗ. ನೋವಿಲ್ಲ, ಕೆಂಪಿಲ್ಲ, ಏನೂ ಇಲ್ಲ. ಡ್ರಾಪ್ಸ್ ನಿಲ್ಲಿಸಿದ ಮೇಲೆ ಇಳೀತು ಪುಣ್ಯಕ್ಕೆ. ಆದ್ರೆ ಲೆನ್ಸಿನ ಹಿಂಬದಿಗೆ ಅಂಟ್ಕೊಂಡಂಗೆ ಪೊರೆ ಬಂದಿದ್ದು ಇಳೀಲಿಲ್ಲ, ಅದು ಹೋಗಲ್ವಂತೆ. ನನಗಿನ್ನೂ ನಲವತ್ತಾಗಿಲ್ಲ. ಬಿಸಿಲಲ್ಲಿ ಪುಸ್ತಕ ಹಿಡಿದ್ರೆ ಅಕ್ಷರ ಎಲ್ಲ ಬೆಳಕಲ್ಲಿ ಕರಗೋಗ್ತವೆ, ಮಬ್ಬು ಬೆಳಕಲ್ಲೇ ಚೆನ್ನಾಗಿ ಕಾಣತ್ತೆ.

ಸೀಳುದೀಪ:
@ನೀಲಿಕನ್ನಡಕ ನಿಮ್ಮದು ಪೋಸ್ಟೀರಿಯರ್ ಸಬ್‌ಕ್ಯಾಪ್ಸುಲರ್ ಪೊರೆ, ನೀವು ಹೇಳಿದ ಲಕ್ಷಣಾನೇ ಅದರದ್ದು. ಬಿಸಿಲಿಗೆ ಪಾಪೆ ಚಿಕ್ಕದಾದಾಗ ನೋಟ ಎಲ್ಲ ಆ ಮಚ್ಚೆ ಮೂಲಕಾನೇ ಹೋಗ್ಬೇಕು, ಅದಕ್ಕೆ ಹಂಗೆ. ಸ್ಟಿರಾಯ್ಡ್ ಡ್ರಾಪ್ಸ್ ಕೆಲವು ವಾರ ಹಾಕಿದ್ರೆ ಸುಮಾರು ಮೂರಕ್ಕೊಬ್ಬರಿಗೆ ಪ್ರೆಶರ್ ಒಂದಷ್ಟು ಏರತ್ತೆ, 5% ಆಸುಪಾಸು ಜನಕ್ಕೆ ವಿಪರೀತ ಏರತ್ತೆ, ಗ್ಲಾಕೋಮಾ ಇರೋರಲ್ಲಿ ಅವರ ಹತ್ತಿರದ ರಕ್ತಸಂಬಂಧಿಗಳಲ್ಲಿ ಇದು ಇನ್ನೂ ಜಾಸ್ತಿ. ಮಾತ್ರೆ, ಇನ್ಹೇಲರ್, ಕಣ್ಣಿನ ಸುತ್ತ ಹಚ್ಚೋ ಕ್ರೀಮು, ಎಲ್ಲಾನೂ ಲೆಕ್ಕಕ್ಕೆ ಬರತ್ತೆ. ಹಾಗಂತ ಆಸ್ತಮಾ ಇನ್ಹೇಲರ್ ಯಾರೂ ತಾವೇ ನಿಲ್ಲಿಸ್ಬೇಡಿ, ಕಣ್ಣು ಚೆಕ್ ಮಾಡಿಸ್ತಾ ಇರಿ ಅಷ್ಟೇ.

@ಅರ್ಧಚಂದ್ರ ನಿಮ್ಮಮ್ಮ ಮಂಡಿ ನೋವಿಗೆ, ಚರ್ಮಕ್ಕೆ, ಏನಕ್ಕಾದ್ರೂ ಸ್ಟಿರಾಯ್ಡ್ ತಗೊಂಡಿದಾರಾ ಕೇಳಿ. ಪೊರೆ ಪ್ರೆಶರ್ ಎರಡೂ ಒಟ್ಟಿಗೆ ಕಂಡಾಗ ಮೊದಲು ಕೇಳೋ ಪ್ರಶ್ನೆ ಇದು.

ಮಳೆಬಿಲ್ಲು:
ಪ್ರೆಶರ್‌ನಿಂದ ಪೊರೆ ಬರಲ್ಲ ಅಂತ ಮೇಲೆ ಹೇಳಿದ್ದಕ್ಕೆ ಒಂದು ವಿನಾಯಿತಿ ನಾನೇ. ನನಗಾಗಿದ್ದು ಇನ್ನೊಂದು ಜಾತಿ, ಆಂಗಲ್ ಕ್ಲೋಶರ್, ಅಂದ್ರೆ ನೀರು ಹೊರಗೆ ಹೋಗೋ ಆ ಮೂಲೆನೇ ಮುಚ್ಕೊಳ್ಳೋದು. ಸಂಜೆ ಕತ್ತಲಾಗ್ತಾ ಬಲ್ಬ್ ಸುತ್ತ ಬಣ್ಣಬಣ್ಣದ ಬಳೆ ಕಾಣೋದು ಸುಮಾರು ದಿನದಿಂದ ಇತ್ತು, ಬೆಳಗ್ಗೆ ಎದ್ರೆ ಸರಿ ಹೋಗಿರೋದು. ಆಮೇಲೆ ಒಂದು ರಾತ್ರಿ ಅರ್ಧ ತಲೆ ಸೀಳಿದಂಗೆ ನೋವು, ವಾಂತಿ ಮೇಲೆ ವಾಂತಿ, ಮನೇಲಿ ಎಲ್ಲರೂ ಮೈಗ್ರೇನ್ ಅಥವಾ ಹೊಟ್ಟೆ ಕೆಟ್ಟಿದೆ ಅಂತಾನೇ. ಕನ್ನಡಿ ನೋಡಿದ್ರೆ ಎಡಗಣ್ಣು ಕೆಂಪು, ಪಾಪೆ ಅರ್ಧ ದೊಡ್ಡದಾಗಿ ಹಂಗೇ ನಿಂತುಬಿಟ್ಟಿದೆ, ಕಾರ್ನಿಯಾ ಮೇಲೆ ಉಸಿರು ಬಿಟ್ಟಂಗೆ ಮಂಜು. ಎಮರ್ಜೆನ್ಸೀಲಿ ನೋಡಿದಾಗ ಪ್ರೆಶರ್ 58. ಔಷಧಿ ಕೊಟ್ಟು ಇಳಿಸಿ, ಬಣ್ಣದ ಭಾಗದಲ್ಲಿ ಲೇಸರಿಂದ ಸಣ್ಣ ತೂತು ಮಾಡಿದ್ರು, ಇನ್ನೊಂದು ಕಣ್ಣಿಗೂ ಮುಂಜಾಗ್ರತೆಗೆ ಮಾಡಿದ್ರು.

ಆಮೇಲೆ ಚೆಕಪ್‌ಗೆ ಹೋದಾಗ ಲೆನ್ಸ್ ಮುಂಭಾಗದಲ್ಲಿ ಬೂದು ಬಿಳುಪಿನ ಚುಕ್ಕಿಗಳಿದಾವೆ, ಅಷ್ಟು ಪ್ರೆಶರ್‌ಗೆ ಅಲ್ಲಿನ ಜೀವಕೋಶ ಸತ್ತು ಉಳಿದ ಗುರುತು ಅಂದ್ರು. ಪೊರೆನೂ ಮುಂದಕ್ಕೆ ಬಲೀತು. ಅಂದ್ರೆ ನಿಧಾನಕ್ಕೆ 25, 27 ಇರೋದು ಬೇರೆ, ಒಂದೇ ಸಲಕ್ಕೆ 50 ದಾಟೋದು ಬೇರೆ.

ಹನಿಲೆಕ್ಕ:
@ಮಳೆಬಿಲ್ಲು ಅಕ್ಕ, ಇದು ಎಲ್ಲರೂ ಓದ್ಬೇಕಾದ್ದು. ಬಲ್ಬ್ ಸುತ್ತ ಬಳೆ ಬಂದು ಹೋಗೋದನ್ನ ಜನ ಕನ್ನಡಕ ಕೊಳೆ ಆಗಿದೆ ಅಂತ ಒರೆಸ್ಕೊಂಡು ಸುಮ್ನಾಗ್ತಾರೆ. ಆಮೇಲೆ ನಿಮಗೆ ಲೆನ್ಸ್ ತೆಗೆದ್ರಾ?

ಮಳೆಬಿಲ್ಲು:
ಹೂಂ ತೆಗೆದ್ರು. ವಯಸ್ಸಾಗ್ತಾ ಲೆನ್ಸ್ ದಪ್ಪ ಆಗ್ತಾನೇ ಹೋಗತ್ತಂತೆ, ನನ್ನ ಕಣ್ಣು ಮೊದಲೇ ಚಿಕ್ಕದು, ಪ್ಲಸ್ ನಂಬರ್, ಒಳಗೆ ಜಾಗ ಇಲ್ಲ, ದಪ್ಪ ಲೆನ್ಸ್ ಬಣ್ಣದ ಭಾಗವನ್ನ ಮುಂದಕ್ಕೆ ದಬ್ಬಿ ದಬ್ಬಿ ಮೂಲೆ ಮುಚ್ಚಿಬಿಟ್ಟಿತ್ತು. ಅದನ್ನ ತೆಗೆದು ತೆಳ್ಳಗಿನ ಲೆನ್ಸ್ ಕೂರಿಸಿದ ಮೇಲೆ ಮೂಲೆ ಬಿಚ್ಕೊಂಡು ಪ್ರೆಶರ್ ಈಗ ಡ್ರಾಪ್ಸ್ ಇಲ್ಲದೆ 14, 15ರಲ್ಲಿದೆ. ಇಲ್ಲಿ ಪ್ರೆಶರ್ ಏರ್ಸಿದ್ದೇ ಲೆನ್ಸು.

ಸೀಳುದೀಪ:
ಇದನ್ನೇ 2016ರಲ್ಲಿ ಈಗಲ್ ಅನ್ನೋ ಸ್ಟಡಿ ತೋರಿಸಿದ್ದು, 50 ದಾಟಿದ ಆಂಗಲ್ ಕ್ಲೋಶರ್ ಪೇಷೆಂಟ್‌ಗಳಲ್ಲಿ ಪೊರೆ ಇಲ್ಲದಿದ್ರೂ ಲೆನ್ಸ್ ತೆಗೆದವರು ಲೇಸರ್ ಮಾಡಿಸ್ಕೊಂಡವರಿಗಿಂತ ಚೆನ್ನಾಗಿದ್ರು. ಪೊರೆ ತೀರಾ ಬಲಿಯೋಕೆ ಬಿಟ್ರೂ ಪ್ರೆಶರ್ ಏರತ್ತೆ, ಒಂದೋ ಲೆನ್ಸ್ ಉಬ್ಬಿ ಮೂಲೆ ಮುಚ್ಚತ್ತೆ, ಇಲ್ಲಾ ಒಳಗಿನ ಪ್ರೊಟೀನ್ ಸೋರಿ ಜಾಲರಿ ಕಟ್ಟಿಸತ್ತೆ. ಗಾಳಿಗುಡ್ಡ ಅವರ ಕಾಕಾ ಮಾಡಿದಂಗೆ ಬಲೀಲಿ ಅಂತ ಕಾಯೋ ಹಳೇ ಅಭ್ಯಾಸ ಈಗ ಬೇಕಿಲ್ಲ.

ಮೂಲೆ ತೆರೆದಿರೋರಿಗೆ ಪೊರೆ ತೆಗೆದ್ರೂ ಒಂದಷ್ಟು ಇಳಿಯತ್ತೆ. ಮೊದಲು ಹೇಳಿದ 1,636 ಜನರ ಸ್ಟಡೀಲಿ ಪೊರೆ ತೆಗೆಸ್ಕೊಂಡವರಲ್ಲಿ ಸರಾಸರಿ 24 ಇದ್ದದ್ದು 20ರ ಹತ್ರ ಬಂದಿತ್ತು. ಆದ್ರೆ ಎಲ್ಲರಿಗೂ ಅಷ್ಟೇ ಇಳಿಯತ್ತೆ ಅಂತ ಇಲ್ಲ, ಇಳಿದಿದ್ದು ಹಾಗೇ ಉಳಿಯತ್ತೆ ಅಂತಾನೂ ಇಲ್ಲ, ಬರೀ ಪ್ರೆಶರ್ ಇಳಿಸೋಕೆ ಅಂತ ಅವರಿಗೆ ಪೊರೆ ಆಪರೇಷನ್ ಮಾಡಲ್ಲ.

ಅರ್ಧಚಂದ್ರ:
ಎಲ್ಲರಿಗೂ ಥ್ಯಾಂಕ್ಸ್. ಅಪ್‌ಡೇಟ್ ಹಾಕ್ತಿದೀನಿ. ಟೆಸ್ಟ್ ಎಲ್ಲ ಆಯ್ತು. ಗೋಲ್ಡ್‌ಮನ್ನಲ್ಲಿ ಬಲ 25, ಎಡ 24. ಕಾರ್ನಿಯಾ ದಪ್ಪ 596 ಮೈಕ್ರಾನ್ ಅಂತೆ. ಗೋನಿಯೋದಲ್ಲಿ ಮೂಲೆ ಸುತ್ತಲೂ ತೆರೆದಿದೆ. ಸ್ಟಿರಾಯ್ಡ್ ಯಾವತ್ತೂ ತಗೊಂಡಿಲ್ಲ. ಫೀಲ್ಡ್ ಟೆಸ್ಟ್ ಮಾತ್ರ ದೊಡ್ಡ ನಾಟಕ ಆಯ್ತು, ಕತ್ತಲೆ ಡಬ್ಬಿ ಒಳಗೆ ಗದ್ದ ಇಟ್ಟು ಚುಕ್ಕಿ ಕಂಡಾಗೆಲ್ಲ ಬಟನ್ ಒತ್ತಿ ಅಂದ್ರೆ ಅಮ್ಮ ಅರ್ಧಕ್ಕೇ ತೂಕಡಿಸ್ತಾ ಇದ್ರು, ಎಚ್ಚರ ಆದಾಗ ಗಾಬರಿಗೆ ಟಕಟಕ ಅಂತ ಕಾಣದೇ ಇದ್ದಿದ್ದಕ್ಕೂ ಒತ್ತಿದಾರೆ. ರಿಪೋರ್ಟಲ್ಲಿ ಎಲ್ಲ ಕಡೆ ಸ್ವಲ್ಪ ಸ್ವಲ್ಪ ಡಲ್ ಅಂತ ಬಂತು, ಪೊರೆ ಇದ್ರೆ ಹಾಗೆ ಒಟ್ಟಾರೆ ಡಲ್ ಬರತ್ತೆ, ಗ್ಲಾಕೋಮಾದ ಥರ ಒಂದು ಕಡೆ ಕಮಾನಿನಂಗೆ ಹೋಗಿಲ್ಲ, ಆದ್ರೂ ಈ ಟೆಸ್ಟ್ ನಂಬೋ ಹಂಗಿಲ್ಲ ಮತ್ತೆ ಮಾಡೋಣ ಅಂದ್ರು. ಓಸಿಟಿ (ನರದ ಪದರ ಎಷ್ಟು ದಪ್ಪ ಇದೆ ಅಂತ ನೋಡೋ ಸ್ಕ್ಯಾನ್) ನಾರ್ಮಲ್. ಸದ್ಯಕ್ಕೆ ಡ್ರಾಪ್ಸೂ ಬೇಡ ಆಪರೇಷನ್ನೂ ಬೇಡ, 6 ತಿಂಗಳಿಗೆ ಬನ್ನಿ ಅಂತ. ದೊಡ್ಡಪ್ಪ ಚಿಕ್ಕಮ್ಮ ಇಬ್ಬರಿಗೂ ಸಮಾಧಾನ ಇಲ್ಲ :)

ಸೀಳುದೀಪ:
596 ಅಂದ್ರೆ ಒಳ್ಳೇದೇ. ಆ 1,636 ಜನರ ಸ್ಟಡೀಲಿ 555 ಅಥವಾ ಅದಕ್ಕಿಂತ ತೆಳು ಕಾರ್ನಿಯಾ ಇದ್ದವರ ರಿಸ್ಕ್ 588ಕ್ಕಿಂತ ದಪ್ಪ ಇದ್ದವರಿಗೆ ಹೋಲಿಸಿದ್ರೆ ಮೂರು ಪಟ್ಟಿನಷ್ಟಿತ್ತು. ನಿಮ್ಮ ಡಾಕ್ಟರ್ ಹೇಳಿದ್ದು ಸರಿ ಇದೆ. ಮುಂದಿನ ಸಲ ಫೀಲ್ಡ್ ಟೆಸ್ಟ್ ಬೆಳಗ್ಗೆ ಹೊತ್ತು ಹಾಕಿಸ್ಕೊಳ್ಳಿ, ಒಂದು ಕಣ್ಣು ಮುಗಿದ ಮೇಲೆ ರೆಸ್ಟ್ ಕೇಳಿ, ಕೊಡ್ತಾರೆ. ಈಗಿನ ರಿಪೋರ್ಟ್ ಎಲ್ಲಾ ಫೈಲ್ ಮಾಡಿ ಇಡಿ, ಆಮೇಲೆ ಹೋಲಿಸೋಕೆ ಬೇಕಾಗೋದು ಇವೇ. ಮುಂದೆ ಯಾವಾಗಾದ್ರೂ ಪೊರೆ ಆಪರೇಷನ್ ಮಾಡಿಸೋ ಹೊತ್ತಿಗೆ ನರಕ್ಕೆ ಏಟು ಬಿದ್ದಿದ್ರೆ ದೂರ ಹತ್ತಿರ ಎರಡೂ ಕಾಣೋ ಮಲ್ಟಿಫೋಕಲ್ ಲೆನ್ಸ್ ಬೇಡ, ಮೊದಲೇ ಕಮ್ಮಿ ಆಗಿರೋ ಕಾಂಟ್ರಾಸ್ಟ್ ಇನ್ನೂ ಕಮ್ಮಿ ಆಗತ್ತೆ.

ನೀವೂ ನಿಮ್ಮ ಒಡಹುಟ್ಟಿದವರೂ ಪ್ರೆಶರ್ ನೋಡಿಸಿ. ನಿಮ್ಮಮ್ಮನ ಅಣ್ಣ ತಂಗಿ ಕೂಡ, ಅವರೇ ತಾನೇ ವಾದ ಮಾಡ್ತಿರೋದು.

ಅರ್ಧಚಂದ್ರ:
ದೊಡ್ಡಪ್ಪ ಅಪ್ಪನ ಕಡೆ ಸರ್, ಬಚಾವ್ ಆದ್ರು. ಚಿಕ್ಕಮ್ಮ ಅಮ್ಮನ ತಂಗಿ, ಅವರನ್ನ ಕರ್ಕೊಂಡು ಹೋಗ್ತೀನಿ.

ಗಾಳಿಗುಡ್ಡ:
ಒಂದು ಕೇಳೂದಿತ್ತು. ನಮ್ಮ ಕಾಕಾರಿಗೆ ಈಗ ಎರಡು ನಮೂನಿ ಹನಿ ಕೊಟ್ಟಾರ. ಒಂದರ ಹಿಂದ ಒಂದು ಹಾಕಿದ್ರ ನಡೀತೈತೇನ್ರಿ?

ಹನಿಲೆಕ್ಕ:
ಇಲ್ಲ, ಮಧ್ಯೆ 5 ನಿಮಿಷ ಬಿಡಿ, ಇಲ್ಲಾಂದ್ರೆ ಎರಡನೇದು ಮೊದಲನೇದನ್ನ ತೊಳ್ಕೊಂಡು ಹೋಗತ್ತೆ. ಒಂದು ಹನಿ ಸಾಕು, ಕಣ್ಣಲ್ಲಿ ಅದಕ್ಕಿಂತ ಜಾಸ್ತಿ ನಿಲ್ಲೋದೇ ಇಲ್ಲ. ಕೆಳರೆಪ್ಪೆ ಎಳೆದು ಹಾಕಿ, ಕಣ್ಣು ಮೆಲ್ಲಗೆ ಮುಚ್ಚಿ, ಪಿಳಿಪಿಳಿ ಮಾಡ್ಬೇಡಿ, ಮೂಗಿನ ಪಕ್ಕದ ಮೂಲೇನ ಬೆರಳಲ್ಲಿ ಒಂದೆರಡು ನಿಮಿಷ ಒತ್ತಿ ಹಿಡೀರಿ. ಕಾಕಾರಿಗೆ ಕೈ ನಡುಗಿದ್ರೆ ಮಲಗಿಸಿ ನೀವೇ ಹಾಕಿ, ಬಾಟಲ್ ತುದಿ ರೆಪ್ಪೆಗೆ ತಾಗಬಾರದು.